ಕೈಗೆಟುಕದ ಬೋರ್ಡು

"ಈ ಹನ್ನೆರಡೂ ಬಿಲ್ಲೆ ತಿರುಗಿಸಿದ್ದು ಯಾರು?"

ಸೀಟಿ ಮೂರು ಸಲ ಕೂಗಿದ ಮೇಲೆ ಕೆರೆಯ ದಡದಲ್ಲಿ ಕೇಳಿಸಿದ್ದು ಈಜು ಶಿಕ್ಷಕನ ಗಡಸು ದನಿ ಒಂದೇ. ನೀರಿನಿಂದ ಎದ್ದು ಬಂದ ಹುಡುಗಿಯರು ಮೈಯೆಲ್ಲ ತೊಟ್ಟಿಕ್ಕಿಸುತ್ತ ತಮ್ಮ ಗುಂಪಿನ ಅಕ್ಕನ ಮುಖವನ್ನೇ ನೋಡಿದರು.

"ನಾನು!" ಎಂದಳು ಅವಳು. "ಯಾಕೆ, ಏನಾಯ್ತು?"

"ನೀರಿಗೆ ಇಳಿದವರು ನೀವಾ?"

"ಅಲ್ಲ, ಮಕ್ಕಳು. ಆದ್ರೆ..."

"ಮತ್ತೆ ಅವರ ಬಿಲ್ಲೆ ನೀವು ಯಾಕ್ರೀ ಮುಟ್ಟಿದ್ರಿ? ಇಳಿಯೋ ಮಗು ತಾನೇ ಕೆಂಪು ಮಾಡ್ಬೇಕು, ಹತ್ತಿ ಬಂದ ಮಗು ತಾನೇ ಬಿಳಿ ಮಾಡ್ಬೇಕು. ಇಲ್ದಿದ್ರೆ ನೀರಲ್ಲಿ ಯಾರಿದ್ದಾರೆ ಅಂತ ನನಗೆ ಹೇಗ್ರೀ ಗೊತ್ತಾಗ್ಬೇಕು? ಇಷ್ಟೂ ಗೊತ್ತಿಲ್ದೆ ಹನ್ನೆರಡು ಜೀವ ಕರ್ಕೊಂಡು ಬಂದ್ಬಿಟ್ರಾ?"

ಆ 'ಆದ್ರೆ'ಯನ್ನು ಮುಗಿಸಲು ಅವನು ಬಿಡಲೇ ಇಲ್ಲ!

ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಕಾದು ಕೆಂಪಾಯಿತು.

ಅದು ಬೇಸಿಗೆ ಶಿಬಿರ. ಒಂದೊಂದು ಕೊಠಡಿಗೆ ಹನ್ನೆರಡು ಮಕ್ಕಳು, ಅವರನ್ನು ನೋಡಿಕೊಳ್ಳಲು ಒಬ್ಬ ಅಕ್ಕ ಅಥವಾ ಅಣ್ಣ. ಅವಳು ಶಿಕ್ಷಕಿಯ ತರಬೇತಿ ಮುಗಿಸಿ ನೇರವಾಗಿ ಬಂದವಳು. ಒಂದು ಗುಂಪು ಅವಳ ಕೈಗೆ ಸಿಕ್ಕಿದ್ದು ಇದೇ ಮೊದಲು. ಅವನು ಕೆರೆಯ ಉಸ್ತುವಾರಿ, ಮಕ್ಕಳ ಒಂದು ಗುಂಪಿಗೆ ಅಣ್ಣನೂ ಹೌದು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಮಕ್ಕಳಿಗೆ ಅವನು 'ಸೀಟಿ ಅಣ್ಣ'.

ಅವಳ ಮಾತನ್ನು ಹುಡುಗಿಯರು ಕೇಳುವಂತಾಗಲು ನಾಲ್ಕು ದಿನ ಹಿಡಿದಿತ್ತು. ಅದನ್ನು ಈ ಮಹಾನುಭಾವ ನಾಲ್ಕು ಮಾತಿನಲ್ಲಿ ನೀರುಪಾಲು ಮಾಡಿದ!

ಮಧ್ಯಾಹ್ನ ಊಟದ ಮನೆಯಲ್ಲೇ ಅದರ ಫಲ ಸಿಕ್ಕಿತು.

"ತಟ್ಟೆ ತೊಳೆದಿಡು ಪುಟ್ಟಿ" ಎಂದಳು.

"ಅದು ರೂಲ್ಸಾ ಅಕ್ಕ? ಸೀಟಿ ಅಣ್ಣನ್ನ ಕೇಳ್ಕೊಂಡು ಬರ್ಲಾ?"

ಮೇಜಿನ ತುಂಬ ನಗು. ಅವಳೂ ನಕ್ಕಳು, ಹಲ್ಲು ಕಚ್ಚಿಕೊಂಡು.

'ಯಾಕೆ ತಿರುಗಿಸಿದೆ ಅಂತ ಒಂದು ಮಾತು ಕೇಳಿದ್ರೆ ಇವನ ಗಂಟು ಏನು ಹೋಗ್ತಿತ್ತು?'

ಕಾರಣ ಇತ್ತು. ದಡದ ಕಂಬಕ್ಕೆ ಹೊಡೆದಿದ್ದ, ಮಗುವಿಗೊಂದರಂತೆ ಕೆಂಪು-ಬಿಳಿ ಬದಿಯ ಬಿಲ್ಲೆಗಳ ಬೋರ್ಡು ಇದ್ದದ್ದು ದೊಡ್ಡವರ ಹಣೆಯ ಎತ್ತರಕ್ಕೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ, 'ಗುಬ್ಬಿ' ಎಂದೇ ಎಲ್ಲರೂ ಕರೆಯುತ್ತಿದ್ದ ಹುಡುಗಿಗೆ ಮೂರು ಸಲ ಹಾರಿದರೂ ಅದು ಎಟುಕಿರಲಿಲ್ಲ. ನಾಲ್ಕನೆಯ ಸಲಕ್ಕೆ ಅವಳ ಕಣ್ಣು ತುಂಬಿತ್ತು. ಒಬ್ಬಳಿಗೆ ಮಾತ್ರ ಸಹಾಯ ಮಾಡಿದರೆ ಅವಳಿಗೆ ಅವಮಾನವಾದೀತೆಂದು ಅಕ್ಕ ಹನ್ನೆರಡನ್ನೂ ತಾನೇ ತಿರುಗಿಸಿದ್ದಳು. ಎತ್ತಿಕೊಂಡಿದ್ದರೂ ಸಾಕಿತ್ತು ಎಂದು ಅವಳಿಗೆ ಆಮೇಲೆ ಹೊಳೆಯಿತು. ಅದನ್ನು ಅವನೆದುರು ಒಪ್ಪಿಕೊಳ್ಳುವುದೇ? ಸಾಧ್ಯವೇ ಇಲ್ಲ!

ಎರಡು ದಿನ ಕಳೆದು ಕೆರೆಗೆ ಹೋದಾಗ ಬೋರ್ಡು ಗುಬ್ಬಿಯ ಎದೆಮಟ್ಟಕ್ಕೆ ಇಳಿದಿತ್ತು. ಬಡಗಿ ಬಂದು ಹೋಗಿರಬೇಕೆಂದು ಅವಳು ಅದನ್ನು ಅಲ್ಲಿಗೇ ಬಿಟ್ಟಳು.

ಆದರೆ ಒಂದನ್ನು ಹಾಗೆ ಬಿಡಲು ಆಗಲಿಲ್ಲ. ಗುಬ್ಬಿಗೆ ನೀರೆಂದರೆ ಭಯ. ಕೆರೆಗೆ ಬಂದ ಮೊದಲ ದಿನ ಮೊಣಕಾಲುದ್ದ ನೀರಿಗೆ ಇಳಿದವಳು ಆಮೇಲೆ ದಡ ಬಿಟ್ಟಿರಲಿಲ್ಲ. ಸಹಾಯಕನೊಬ್ಬ ದಡ ಕಾಯುವ ಹೊತ್ತಿಗೆ ಸೀಟಿ ಅಣ್ಣ ಬಂದು ಅವಳ ಪಕ್ಕ ಕೂರುತ್ತಿದ್ದ. ಇಳಿ ಎನ್ನುತ್ತಿರಲಿಲ್ಲ. ಕಾಲು ನೀರಿಗೆ ಬಿಟ್ಟುಕೊಂಡು ಅವಳ ಮನೆಯ ಬೆಕ್ಕಿನ ವಿಚಾರ ಕೇಳುತ್ತಿದ್ದ. ಹಾಗೆ ಕೂತ ಐದನೆಯ ದಿನ ಗುಬ್ಬಿ ಬೆಕ್ಕಿನ ಕಥೆ ಹೇಳುತ್ತ ಹೇಳುತ್ತ ತಾನೇ ಸೊಂಟದವರೆಗೆ ಇಳಿದಿದ್ದಳು!

'ಇವನಿಗೆ ಮೆತ್ತಗೆ ಮಾತಾಡೋಕೂ ಬರುತ್ತಾ?' ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಬರುವುದಾದರೆ ತನ್ನ ಹತ್ತಿರ ಯಾಕೆ ಹಾಗೆ ಗದರಿದ?

ಆದರೂ ಅಂದು ಸಂಜೆ ಹುಡುಗಿಯರ ಜಗಳ ಬಿಡಿಸುವಾಗ ಅವಳು ನಿಂತು ಕೂಗಲಿಲ್ಲ. ನೆಲದ ಮೇಲೆ ಅವರ ಸಮಕ್ಕೆ ಕೂತು, "ಏನಾಯ್ತು, ನೀನು ಹೇಳು... ಆಮೇಲೆ ನೀನು" ಎಂದಳು. ಜಗಳ ಹತ್ತು ನಿಮಿಷಕ್ಕೆ ಮುಗಿಯಿತು. ಇದನ್ನು ಯಾರಿಂದ ಕಲಿತೆ ಎಂದು ತನ್ನನ್ನೇ ಕೇಳಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ಒಂದು ಬೆಳಿಗ್ಗೆ ಚಹಾದ ಪಾತ್ರೆಯ ಹತ್ತಿರ ಅವನೇ ಬಂದು ನಿಂತ.

"ನಿಮ್ಮ ಮಕ್ಕಳು ಹಾಡ್ಕೊಂಡು ಸಾಲಾಗಿ ಬರ್ತಾರಲ್ಲ, ಹೇಗ್ರೀ ಮಾಡಿಸ್ತೀರಿ? ನನ್ನೋರಿಗೆ ಸೀಟಿ ಬಿಟ್ರೆ ಬೇರೆ ಭಾಷೆ ಅರ್ಥ ಆಗಲ್ಲ."

"ಕೇಳಿದ್ರೆ ಹೇಳ್ತೀನಿ" ಎಂದಳು ಚುಚ್ಚಿ. "ಕೇಳೋ ಅಭ್ಯಾಸ ನಿಮಗಿಲ್ಲ ಅಲ್ವಾ?"

ಅವನ ಮುಖ ಬಾಡಿತು. ಏನೋ ಹೇಳಲು ಹೊರಟ... ಅಷ್ಟರಲ್ಲಿ ಕೆರೆಯ ಗಂಟೆ ಹೊಡೆಯಿತು. ಅವನು ಹೋದ ಮೇಲೆ ಅವಳಿಗೆ ಚಹಾ ರುಚಿಸಲಿಲ್ಲ. ಅಯ್ಯೋ, ಅವನ ಮುಖ ಬಾಡಿದರೆ ನನಗೇನಂತೆ!

ಮೂರನೆಯ ವಾರ ಶಿಬಿರದ ಮುಖ್ಯಸ್ಥೆ ಮೇಡಂ ಅವಳನ್ನು ಕರೆಸಿದರು.

"ನಾಳೆಯಿಂದ ನಿಮ್ಮ ಗುಂಪನ್ನ ಬೇರೆಯವರು ನೋಡ್ಕೋತಾರೆ. ನೀವು ಉಗ್ರಾಣದ ಕೆಲಸಕ್ಕೆ ಬನ್ನಿ. ಕೆರೆ ಪುಸ್ತಕ ಇವತ್ತು ನೋಡಿದೆ, ನಿಮ್ಮ ಮೇಲೆ ಬರೆದಿದ್ದಾರೆ. ನೀರಿನ ವಿಷಯದಲ್ಲಿ ನಾನು ರಿಸ್ಕ್ ತಗೊಳ್ಳಲ್ಲ."

ಕೆರೆ ಪುಸ್ತಕ! ಕೆರೆಯಲ್ಲಿ ನಡೆದದ್ದನ್ನೆಲ್ಲ ಅದರಲ್ಲಿ ಬರೆಯುವವನು ಒಬ್ಬನೇ.

ಪಿತ್ತ ನೆತ್ತಿಗೇರಿತು. ಅವಳು ಕೆರೆಗೆ ಓಡಿದಳು. ಅವನು ಪಾಠ ಮುಗಿಸಿ ದಡದಲ್ಲಿ ತನ್ನ ಮಕ್ಕಳನ್ನು ಎಣಿಸುತ್ತಿದ್ದ.

"ಬೆನ್ನ ಹಿಂದೆ ಬರೆಯೋ ಗಂಡಸು ನೀವು! ಅಂದು ಮಕ್ಕಳ ಮುಂದೆ ಮರ್ಯಾದೆ ಕಳೆದದ್ದು ಸಾಲ್ಲಿಲ್ವಾ? ನನ್ನ ಹನ್ನೆರಡು ಜನಾನೂ ಕಿತ್ಕೊಂಡ್ರಲ್ಲ! ಇನ್ನು ಗುಬ್ಬಿ ಯಾರ ಕೈ ಹಿಡ್ಕೋತಾಳೆ? ನಿಮ್ಮಂಥವರಿಗೆ ಮಕ್ಕಳನ್ನ ಕೊಡ್ತಾರಲ್ಲ, ಅದೇ ತಪ್ಪು!"

ಅವನು ಬೆಚ್ಚಿ ನೋಡಿದ. "ಕಿತ್ಕೊಂಡ್ರಾ? ಯಾರು... ಪುಸ್ತಕ ಪೂರ್ತಿ ಓದಿದ್ರಾ ನೀವು?"

"ಓದೋಕೆ ಏನಿದೆ ಅದ್ರಲ್ಲಿ!"

ಅವನ ಹಿಂದೆ ಮಕ್ಕಳು ನಿಂತಿದ್ದರು. ಯಾರೋ ಕಿಸಕ್ಕೆಂದರು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು... ಅವಳು ತಿರುಗಿ ನಡೆದುಬಿಟ್ಟಳು.

ಕೊಠಡಿಯಲ್ಲಿ ಅವಳು ಬಟ್ಟೆ ಮಡಚುವುದನ್ನು ನೋಡಿ ಗುಬ್ಬಿ ಹತ್ತಿರ ಬಂದಳು.

"ಅಕ್ಕ, ಸೀಟಿ ಅಣ್ಣನ ಮೇಲೆ ಕೋಪಾನಾ?"

"ಹೂಂ."

"ಬೈಬೇಡಿ ಅಕ್ಕ. ಅವರು ಟೇಪು ತಂದು ನಮ್ಮೆಲ್ಲರ ಕೈ ಅಳತೆ ತಗೊಂಡ್ರು. ನಂದೇ ಎಲ್ರಿಗಿಂತ ಗಿಡ್ಡ. ಅಷ್ಟಕ್ಕೇ ಬೋರ್ಡು ಇಳಿಸಿದ್ರು. ಅಕ್ಕಂಗೆ ಹೇಳ್ಬೇಡ, ಮೊದ್ಲು ಸಾರಿ ಕೇಳ್ಬೇಕು, ಧೈರ್ಯ ಬರ್ತಿಲ್ಲ ಅಂದ್ರು."

ಅವಳು ಮಡಚಿದ ಬಟ್ಟೆ ಅಲ್ಲೇ ಬಿಟ್ಟು ಎದ್ದಳು.

ಅವಳು ನೇರವಾಗಿ ಮೇಡಂ ಕೋಣೆಗೆ ಹೋದಳು. "ಪುಸ್ತಕ ಕೊಡಿ ಮೇಡಂ. ನನ್ನ ಮೇಲೆ ಏನು ಬರೆದಿದೆಯೋ ನಾನೇ ಓದ್ಬೇಕು."

ಹಾಳೆಯ ಕೊನೆಯ ಸಾಲಿನಲ್ಲಿ ಅವನ ಅಕ್ಷರ: "ಹನ್ನೆರಡು ಮಕ್ಕಳ ಬಿಲ್ಲೆಗಳನ್ನು ಗುಂಪಿನ ಅಕ್ಕನೇ ತಿರುಗಿಸಿದ್ದಾರೆ."

ಅವಳು ಹಾಳೆ ಮಗುಚಿದಳು.

"ಆಮೇಲೆ ನೋಡಿದೆ, ಬೋರ್ಡು ಚಿಕ್ಕ ಮಕ್ಕಳಿಗೆ ಎಟುಕುವುದೇ ಇಲ್ಲ. ಮೂರು ವರ್ಷದಿಂದ ನಾನು ಗಮನಿಸಿರಲಿಲ್ಲ. ಕಾರಣ ಕೇಳದೆ ಮಕ್ಕಳ ಮುಂದೆ ಅವರನ್ನು ಗದರಿದೆ. ತಪ್ಪು ನನ್ನದು. ಬೋರ್ಡು ಇಳಿಸಿದ್ದೇನೆ. ಈ ಶಿಬಿರದಲ್ಲಿ ಮಕ್ಕಳ ಎತ್ತರ ನೋಡಿ ನಡೆಯುವವರು ಅವರೊಬ್ಬರೇ."

ಅಕ್ಷರಗಳು ಮಸುಕಾದವು. ಕಣ್ಣೊರೆಸಿಕೊಂಡವಳಿಗೆ ಮರುಕ್ಷಣವೇ ಸಿಟ್ಟು ಕೆರಳಿತು.

"ಒಂದು ಹಾಳೆ ಮಗುಚೋಕೆ ಆಗ್ಲಿಲ್ವಾ ಮೇಡಂ? ಅಷ್ಟಕ್ಕೇ ಹನ್ನೆರಡು ಮಕ್ಕಳ ಅಕ್ಕನ್ನ ಬದಲಾಯಿಸ್ತೀರಾ?"

ಮೇಡಂ ಓದಿದರು. ಕನ್ನಡಕ ತೆಗೆದರು. ಬಾಗಿಲಲ್ಲಿ ಸದ್ದಾಯಿತು: ಸೀಟಿ ಅಣ್ಣ, ಏದುಸಿರು ಬಿಡುತ್ತ.

"ಮೇಡಂ, ಅವರ ಗುಂಪು ಅವರಿಗೇ ಕೊಡಿ. ಇಲ್ಲಾಂದ್ರೆ..." ಅವಳನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ಕೊಟ್ಟಾಯ್ತು ಹೋಗ್ರಪ್ಪ" ಎಂದರು ಮೇಡಂ. "ಓದದೆ ಇದ್ದದ್ದು ನನ್ನದೇ ತಪ್ಪು."

ಮರುದಿನ ಹನ್ನೆರಡು ಹುಡುಗಿಯರು ಹಾಡುತ್ತ ಕೆರೆಗೆ ಬಂದರು. ಒಬ್ಬೊಬ್ಬರೇ ಬಿಲ್ಲೆ ತಿರುಗಿಸುವ ಮೊದಲು ಅವನು ಅವರೆದುರು ನಿಂತ.

"ನಿಮ್ಮ ಅಕ್ಕನ್ನ ನಾನು ಬೈದದ್ದು ನಿಮ್ಮ ಮುಂದೆ. ಅದಕ್ಕೆ ಸಾರಿ ಕೇಳೋದೂ ನಿಮ್ಮ ಮುಂದೆನೇ." ಅವನು ಅವಳ ಕಡೆ ತಿರುಗಿದ. "ಕಾರಣ ಕೇಳದೆ ಕೂಗಾಡಿದೆ. ಕ್ಷಮಿಸಿ."

ಅವಳು ದಡದಲ್ಲಿದ್ದ ಅವನ ಗುಂಪಿನ ಕಡೆ ತಿರುಗಿದಳು. "ನಾನೂ ಅಷ್ಟೇ ಮಕ್ಕಳೇ. ನಿನ್ನೆ ನಿಮ್ಮ ಅಣ್ಣನ್ನ ಸುಮ್ಮಸುಮ್ಮನೆ ಬೈದೆ. ತಪ್ಪಾಯ್ತು."

"ಇಬ್ಬರೂ ಟೂ ಬಿಟ್ಟಿದ್ದು ಸಾಕು, ಫ್ರೆಂಡ್ಸ್ ಆಗಿ!" ಎಂದು ಗುಬ್ಬಿ ಕೂಗಿ, ತನ್ನ ಬಿಲ್ಲೆಯನ್ನು ತಾನೇ ಕೆಂಪು ಮಾಡಿ ನೀರಿಗೆ ಇಳಿದಳು. ಅಂದು ಅವಳು ಯಾರ ಕೈಯನ್ನೂ ಹಿಡಿಯಲಿಲ್ಲ.

ಸಂಜೆ ಮಕ್ಕಳೆಲ್ಲ ತಿಂಡಿಗೆ ಹೋದರು. ಅವಳು ಮಾತ್ರ ಉಳಿದಳು. ಅವನು ಒಂದೊಂದೇ ಬಿಲ್ಲೆ ಎಣಿಸಿ, ಎಲ್ಲವೂ ಬಿಳಿ ಎಂದು ಖಾತ್ರಿಯಾಗುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಜೇಬಿನಿಂದ ಎರಡು ಹೊಸ ಬಿಲ್ಲೆ ತೆಗೆದು ಅಕ್ಕಪಕ್ಕದ ಮೊಳೆಗೆ ನೇತುಹಾಕಿದ. ಒಂದನ್ನು ಕೆಂಪು ಮಾಡಿದ.

"ಇದು ನಂದು. ನಾನು... ಇಳಿದಾಯ್ತು."

"ಅಂದ್ರೆ? ಬಾಯ್ಬಿಟ್ಟು ಹೇಳ್ರೀ!"

"ನೀವಂದ್ರೆ ನನಗೆ ಇಷ್ಟ. ತುಂಬಾ. ನಿಮಗೆ..." ಅವನು ಉಸಿರೆಳೆದುಕೊಂಡ. "ನಿಮಗೆ ಏನನ್ಸುತ್ತೆ ಅಂತ ಕೇಳ್ತಿದ್ದೀನಿ. ಈ ಸಲ ಪೂರ್ತಿ ಕೇಳ್ತೀನಿ."

"ಇಷ್ಟು ಕೇಳೋಕೆ ಮೂರು ವಾರ! ಅಲ್ಲಿವರೆಗೆ ನಾನು ಒಬ್ಳೇ ಉರೀತಾ ಇರ್ಬೇಕಿತ್ತಾ?" ಕಣ್ಣು ತುಂಬಿತ್ತು, ದನಿ ಮಾತ್ರ ಇನ್ನೂ ಜಗಳದ್ದೇ.

ಅವನ ಕೈ ತನಗರಿಯದೆ ಎರಡನೆಯ ಬಿಲ್ಲೆಯ ಕಡೆ ಚಾಚಿತು. ಅವಳು ಪಟಕ್ಕನೆ ಆ ಕೈಗೆ ಹೊಡೆದಳು.

"ಮುಟ್ಬೇಡಿ! ಇಳಿಯೋರೇ ತಿರುಗಿಸ್ಬೇಕು. ರೂಲ್ಸು ಗೊತ್ತಿಲ್ವಾ?"

ಅವಳೇ ತಿರುಗಿಸಿದಳು. ಕೆಂಪು.

"ಇನ್ನು ಹತ್ತಿ ಬರೋದು ಯಾವಾಗ?" ಎಂದ ಅವನು ಮೆಲ್ಲಗೆ.

"ನಾನಂತೂ ಬರಲ್ಲ" ಎಂದಳು. "ನೀನು ಬಂದ್ರೆ ನೋಡು, ಮತ್ತೆ ಮಕ್ಕಳ ಮುಂದೆನೇ ಬೈತೀನಿ!"