ಎಲುಬಿನ ಕೋಟೆಯ ಧವಳೆ

ಬಹಳ ಹಿಂದೆ, ಅಸ್ಥಿಪುರಿ ಎಂಬ ರಾಜ್ಯದಲ್ಲಿ ಎಲುಬಿನಿಂದ ಕಟ್ಟಿದ ಕೋಟೆಯೊಂದಿತ್ತು. ಅದರೊಳಗಿನ ಮೆತ್ತನೆಯ ಮಜ್ಜೆಯಲ್ಲಿ ಕುಳಿತು ಮಜ್ಜಮ್ಮ ಎಂಬ ತಾಯಿ ದಿನವೂ ಲಕ್ಷ ಲಕ್ಷ ಮಕ್ಕಳನ್ನು ಹೆರುತ್ತಿದ್ದಳು. ಕೆಂಪು ಮಕ್ಕಳು ನಾಡಿಗೆಲ್ಲ ಉಸಿರು ಹೊತ್ತು ತಿರುಗುತ್ತಿದ್ದರು, ಬಿಳಿ ಮಕ್ಕಳು ಗಡಿ ಕಾಯುತ್ತಿದ್ದರು. ಬಿಳಿಯವರಲ್ಲಿ ಧವಳೆ ಎಂಬುವಳಿಗೆ ಹುಟ್ಟಿದಾಗಿನಿಂದ ಯುದ್ಧಕ್ಕೆ ಹೋಗುವ ಅವಸರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ ಅವಳು!

"ಮೊದಲು ಮೂರು ಪರೀಕ್ಷೆ ಗೆಲ್ಲು ಮಗಳೇ," ಎಂದಳು ಮಜ್ಜಮ್ಮ.

ಮೊದಲನೆಯದು, ಒಡಲೊಳಗೇ ವಿಷ ಅರೆದು ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬುವುದು. ಚೀಲ ಒಡೆದರೆ ತನಗೇ ಆಪತ್ತು. ಧವಳೆ ಉಸಿರು ಬಿಗಿಹಿಡಿದು ತುಂಬಿದಳು, ಗೆದ್ದಳು.

ಎರಡನೆಯದು, ಹುಟ್ಟಿನಿಂದಲೇ ಒಡಲಲ್ಲಿದ್ದ ದುಂಡು ಮಣಿಯನ್ನು ಬಗ್ಗಿಸಿ ಬಗ್ಗಿಸಿ ಮೂರು ಗುಂಡಿನ ಸರ ಮಾಡುವುದು. ಕೋಟೆಯ ಬಾಗಿಲು ಸೂಜಿಯ ಕಣ್ಣಿನಷ್ಟೇ ಕಿರಿದು, ದುಂಡು ಮಣಿ ಹೊತ್ತವರು ಅದರಲ್ಲಿ ತೂರಲಾರರು. ಧವಳೆಯ ಮಣಿ ಕುದುರೆಲಾಳದಂತೆ ಬಾಗುವಷ್ಟರಲ್ಲಿ ಕೊಂಬು ಮೊಳಗಿತು.

ಹೆಬ್ಬೆರಳಿನ ಗಡಿಯಲ್ಲಿ ಮುಳ್ಳು ಚುಚ್ಚಿದ ಬಿರುಕಿನಿಂದ ಇಮ್ಮಡಿ ಮಾಯಾವಿ ಎಂಬ ಶತ್ರು ಒಳನುಗ್ಗಿದ್ದ. ಅವನು ಒಬ್ಬನಿದ್ದವನು ಇಬ್ಬರಾಗುತ್ತಿದ್ದ, ಇಬ್ಬರು ನಾಲ್ವರು. ನಾಡು ಕೆಂಡದಂತೆ ಸುಡುತ್ತಿತ್ತು.

"ಅಮ್ಮಾ, ನಾನು ಹೊರಟೆ!"

"ನೀನಿನ್ನೂ ಅರೆಬೆಂದವಳು ಕಣೇ!"

"ಊರು ಉಳಿದರೆ ತಾನೇ ಪೂರ್ತಿ ಬೇಯೋದು?"

ಓಡಿದವಳು ಬಾಗಿಲಲ್ಲೇ ಸಿಕ್ಕಿಕೊಂಡಳು. ದಾರಿ ಕಟ್ಟಿ ಅವಳ ಹಿಂದೆ ಸಾವಿರ ಅಕ್ಕತಂಗಿಯರೂ ನಿಂತುಬಿಟ್ಟರು. ಧವಳೆಗೆ ನಾಚಿಕೆಯಾಯಿತು, ಭಯವೂ ಆಯಿತು. ಹಲ್ಲುಕಚ್ಚಿ ಅಲ್ಲೇ ಮಣಿಯನ್ನು ಬಗ್ಗಿಸಿದಳು. ಜೀವ ಹೋದಂತಾಯಿತು, ಆದರೆ ಮಣಿ ಸರವಾಯಿತು. ಸರ್ರನೆ ಜಾರಿ ಕೆಂಪು ಹೊಳೆಗೆ ಬಿದ್ದಳು.

ಮೂರನೆಯ ಪರೀಕ್ಷೆ ಗಡಿಯಲ್ಲಿ ಕಾದಿತ್ತು. ಮುಟ್ಟಿ ನೋಡದೆ ಯಾರನ್ನೂ ಹೊಡೆಯಬಾರದೆಂಬುದು ಕಾವಲಿನವರ ಕಟ್ಟಳೆ, ಏಕೆಂದರೆ ನಾಡಿನ ಪ್ರತಿ ಪ್ರಜೆಯ ಮೈಮೇಲೂ ಮುದ್ರೆಯಿರುತ್ತದೆ. ಕೆಂಪು ಹೊರೆಯಾಳಿನ ವೇಷದಲ್ಲಿ ಮಾಯಾವಿ ನಿಂತಿದ್ದ.

"ನಾನು ನಿಮ್ಮಣ್ಣ ಕಣಮ್ಮ," ಎಂದ.

ಧವಳೆ ಮೊದಲ ಬಾರಿಗೆ ಅವಸರಪಡಲಿಲ್ಲ. ಮೆಲ್ಲಗೆ ಅವನ ಬೆನ್ನು ಸವರಿದಳು. ಮುದ್ರೆಯಿರಲಿಲ್ಲ.

"ಅಣ್ಣನಾ? ಹಾಗಾದರೆ ನನ್ನ ಹೊಟ್ಟೆಯೊಳಗೇ ಬಾ!" ಎಂದವಳೇ ಗುಳುಂ ಎಂದು ನುಂಗಿ, ವಿಷದ ಚೀಲಗಳನ್ನೆಲ್ಲ ಒಡೆದಳು. ಮಾಯಾವಿ ಕರಗಿಹೋದ. ಅವನ ಉಳಿದ ರೂಪಗಳನ್ನು ಅಕ್ಕತಂಗಿಯರು ಮುಟ್ಟಿ ಮುಟ್ಟಿ ನುಂಗಿದರು. ನಾಡಿನ ಉರಿ ಇಳಿಯಿತು.

ವಿಷ ಧವಳೆಯನ್ನೂ ಬಿಡಲಿಲ್ಲ. "ಗೆದ್ವಿ ಅಂತ ಅಮ್ಮಂಗೆ ಹೇಳ್ರೇ," ಎಂದು ನಗುತ್ತಲೇ ಕಣ್ಣು ಮುಚ್ಚಿದಳು.

ಸುದ್ದಿ ಕೇಳಿ ಮಜ್ಜಮ್ಮ ಅತ್ತಳು, ಹೆಮ್ಮೆಯಿಂದ ಬೀಗಿದಳು. ಅಸ್ಥಿಪುರಿಯ ಜನ ನೂರು ವರ್ಷ ಸುಖವಾಗಿ ಬಾಳಿದರು. ಧವಳೆ ಗೆದ್ದ ದಿನ ಹುಟ್ಟಿದ ಬಿಳಿ ಹೆಣ್ಣುಮಕ್ಕಳಿಗೆಲ್ಲ ಮಜ್ಜಮ್ಮ ಧವಳೆ ಎಂದೇ ಹೆಸರಿಟ್ಟಳು.