ಎದುರು ಮೇಜಿನ ಬೆಳಕು

ಅವನ ಮೇಲೆ ನನಗೆ ಮೊದಲು ಬಂದದ್ದು ಪ್ರೀತಿಯಲ್ಲ, ಸಿಟ್ಟು.

ಲ್ಯಾಬಿನಲ್ಲಿ ಇದ್ದದ್ದು ಒಂದೇ ಲೇಸರ್. ಅದರೊಳಗೆ ಎರಡು ಬಗೆಯ ಬೆಳಕು: ಒಂದು ನಿಂತು ಕಂಪಿಸುವುದು, ಇನ್ನೊಂದು ಮಲಗಿ ಕಂಪಿಸುವುದು. ಗಾಜಿನ ಪುಟ್ಟ ತುಂಡೊಂದು ಅವನ್ನು ಬೇರ್ಪಡಿಸಿ, ನಿಂತದ್ದನ್ನು ನನ್ನ ಮೇಜಿಗೆ, ಮಲಗಿದ್ದನ್ನು ಎದುರು ಮೇಜಿನ ಅವನಿಗೆ ಕಳಿಸುತ್ತಿತ್ತು. ಎರಡಕ್ಕೂ ಊಟ ಒಂದೇ ತಟ್ಟೆಯಲ್ಲಿ. ನನ್ನದು ಹೊಟ್ಟೆ ತುಂಬ ಉಂಡರೆ ಅವನದಕ್ಕೆ ಉಪವಾಸ.

"ನನ್ನ ಬೆಳಕು ಕದೀತಿದೀರಾ," ಎಂದು ಮೊದಲ ದಿನವೇ ಜಗಳ ತೆಗೆದೆ.

ಅವನು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡಿದ. ಒಂದು ಕೆನ್ನೆಯ ಮೇಲೆ ಮಾತ್ರ ಲೇಸರಿನ ಕೆಂಪು ಮಿನುಗು. "ಬೇಕಾದ್ರೆ ತಗೊಳ್ಳಿ, ನಾನೇನು ಕಟ್ಟಿಟ್ಕೊಂಡಿಲ್ಲ," ಎಂದ. ಆಮೇಲೆ ದಿನವೂ ಜಗಳಕ್ಕೆ ಕಾರಣ ಹುಡುಕುವುದೇ ನನ್ನ ಕೆಲಸವಾಯಿತು.

ಲ್ಯಾಬ್ ನಡೆಸುವ ಮೇಡಂ ಒಂದು ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಮುಂದಕ್ಕೆ ಒಬ್ಬರಿಗೆ ಮಾತ್ರ ಜಾಗ. ಶುಕ್ರವಾರದೊಳಗೆ ಯಾರ ರೀಡಿಂಗ್ ಅಲುಗಾಡದೆ ಬರುತ್ತದೋ ಅವರು ಉಳಿಯಬಹುದು, ಇನ್ನೊಬ್ಬರು ಬೇರೆ ಊರು ನೋಡಿಕೊಳ್ಳಬೇಕು.

ನನಗೆ ಜಾಗ ಬೇಕಿತ್ತು. ಅವನೂ ಬೇಕಿತ್ತು. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ ಎಂದು ಎಷ್ಟು ಹೇಳಿದರೂ ಮನಸ್ಸು ಕೇಳಲಿಲ್ಲ. ಅವನು ಟೀ ಕುಡಿಯಲು ಹೋದಾಗ, ಲೇಸರಿನ ಕೊಳವೆಯನ್ನು ಹಿಡಿದ ಲೋಹದ ಬಳೆಯ ಎರಡು ಸ್ಕ್ರೂಗಳಲ್ಲಿ ಪಕ್ಕದ್ದನ್ನು ಕೂದಲೆಳೆಯಷ್ಟು ಬಿಗಿದೆ. ಅಷ್ಟು ಒತ್ತಡ ಸಾಕು, ಬೆಳಕು ಅವನ ಕಡೆ ವಾಲುತ್ತದೆ. ಅವನಾದರೂ ಉಳಿಯಲಿ ಎಂದುಕೊಂಡು, ಬಾತ್‌ರೂಮಿಗೆ ಹೋಗಿ ಅತ್ತೆ.

ಶುಕ್ರವಾರ ಲೇಸರಿಗೆ ಹುಚ್ಚು ಹಿಡಿದಿತ್ತು. ಬೆಳಕು ಒಮ್ಮೆ ನನ್ನ ಕಡೆ, ಒಮ್ಮೆ ಅವನ ಕಡೆ. ಯಾರಾದರೂ ಬಾಗಿಲು ತೆರೆದರೂ ಸಾಕು, ಪಕ್ಷ ಬದಲಿಸುತ್ತಿತ್ತು. ಏನಾಯಿತೆಂದು ಬಳೆಯನ್ನು ಮುಟ್ಟಿ ನೋಡಿದರೆ ಮೇಲಿನ ಸ್ಕ್ರೂ ಕೂಡ ಬಿಗಿಯಾಗಿತ್ತು. ಅದನ್ನು ಬಿಗಿದರೆ ಬೆಳಕು ವಾಲುವುದು ನನ್ನ ಕಡೆಗೆ. ಅದನ್ನು ನಾನು ಮುಟ್ಟಿರಲಿಲ್ಲ.

"ಯಾಕೆ ಮಾಡಿದ್ರಿ?" ಎಂದೆ.

ಅವನು ನೆಲ ನೋಡಿದ. "ನಿಮ್ಮ ಮೇಜು ಕತ್ತಲಾದ್ರೆ ನಂಗೆ ಕೆಲಸ ಮಾಡೋಕಾಗಲ್ಲ. ಏನ್ ಮಾಡ್ಲಿ, ಹೇಳಿ."

ಒಂದು ಸ್ಕ್ರೂ ಸಡಿಲಿಸಿದರೆ ಒಬ್ಬರಾದರೂ ಉಳಿಯುವಷ್ಟು ಹೊತ್ತು ಇನ್ನೂ ಇತ್ತು. ಸ್ಕ್ರೂಡ್ರೈವರ್ ಅವನ ಕೈಗೆ ಕೊಟ್ಟೆ. ಅವನು ನನಗೇ ವಾಪಸ್ ಕೊಟ್ಟ. ಯಾರಿಂದಲೂ ಆಗಲಿಲ್ಲ.

ಸಂಜೆ ಮೇಡಂ ಬಂದು ಇಬ್ಬರ ಪರದೆಯನ್ನೂ ನೋಡಿದರು. ಆಮೇಲೆ ಸ್ಕ್ರೂಗಳ ಮೇಲೆ ಬೆರಳಾಡಿಸಿದರು. "ಒಬ್ಬರಾದ್ರೂ ಸ್ವಲ್ಪ ಸ್ವಾರ್ಥಿ ಆಗ್ಬಾರ್ದಿತ್ತಾ?" ಎಂದು, ಇಬ್ಬರೂ ಜಾಗ ಖಾಲಿ ಮಾಡಬೇಕೆಂದು ಹೇಳಿ ಹೋದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅವನು ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತ. ಅವನ ಕೈ ಹಿಡಿದುಕೊಂಡೆ.

"ಇಷ್ಟ ಅಂತ ಮೊದಲೇ ಹೇಳ್ಬಾರ್ದಿತ್ತಾ?" ಎಂದೆ.

"ಹೇಳಿದ್ದಿದ್ರೆ ಸ್ಕ್ರೂ ಮುಟ್ಟೋಕೆ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಹಾಗೆನ್ನಲು ಬಾಯಿ ತೆರೆದರೆ ಅಳು ಬಂತು. ಲೇಸರ್ ಆರಿಸಿ ಹೊರಡಬೇಕಿತ್ತು. ಇಬ್ಬರೂ ಏಳಲಿಲ್ಲ.