ಒಳಗೆ ಬಿಟ್ಟ ಎರಡು ಇಂಚು

"ಈ ಕೋಟು ಹೊಲಿದವರು ಯಾರು?"

ಬಾಗಿಲಲ್ಲಿ ನಿಂತವನ ದನಿ ಜೋರಾಗೇನೂ ಇರಲಿಲ್ಲ. ಆದರೂ ಕಾಜಾ ಅಕ್ಕನ ಹೊಲಿಗೆ ಯಂತ್ರ ಟಕ್ಕನೆ ನಿಂತಿತು. ಗುಂಡಿಯ ತೂತು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆ ಕಾಜಾದಿಂದಲೇ ಅವರಿಗೆ ಆ ಹೆಸರು.

ಮೇಜಿನ ಬಳಿಯಿದ್ದ ಆ ಹೊಲಿಗೆ ಕೋಣೆಯ ಒಡತಿ ಕತ್ತರಿ ಕೆಳಗಿಟ್ಟು ತಿರುಗಿದಳು. ಬಾಗಿಲಲ್ಲಿ ಎತ್ತರದ ಆಳು. ಸದಾ ನೀರಲ್ಲಿದ್ದು ಬೆಳ್ಳಗೆ ಸುಕ್ಕುಗಟ್ಟಿದ ಬೆರಳುಗಳು. ತೋಳಿನ ಮೇಲೆ ಒಂದು ಬಿಳಿ ಕೋಟು.

"ನಾನೇ. ಯಾಕೆ?"

"ನಾನು ಆಸ್ಪತ್ರೆ ಹಿಂದಿನ ಲಾಂಡ್ರಿಯವನು. ನೀವು ಕೊಟ್ಟ ಸ್ಯಾಂಪಲ್ ಕೋಟನ್ನ ಮೇಟ್ರನ್ ನನಗೆ ತೊಳೆಯೋಕೆ ಕಳಿಸಿದ್ರು. ಒಂದ್ಸಲ ಹಾಕ್ಕೊಂಡು ನೋಡ್ತೀರಾ?"

ತನ್ನದೇ ಅಳತೆಗೆ ಹೊಲಿದಿದ್ದ ಕೋಟು. ಅವಳು ಅಸಡ್ಡೆಯಿಂದಲೇ ತೋಳು ತೂರಿಸಿದಳು.

ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು!

"ಏನ್ಮಾಡಿದ್ರಿ ಇದನ್ನ?"

"ಕುದಿಯೋ ನೀರಿಗೆ ಹಾಕಿದೆ."

"ಬೇಯಿಸಿದ್ರಾ? ಕೋಟನ್ನ?"

"ಆಲೂಗಡ್ಡೆ ಅಂದ್ಕೊಂಡ್ರೇನೋ," ಎಂದರು ಕಾಜಾ ಅಕ್ಕ.

ಅವನು ನಗಲಿಲ್ಲ. "ಆಸ್ಪತ್ರೆ ಬಟ್ಟೆ ಕುದಿಸಲೇಬೇಕು, ಮೇಡಂ. ದಿನಾ ಕುದಿಸ್ತೀವಿ. ಬಟ್ಟೆ ಕತ್ತರಿಸೋ ಮುಂಚೆ ನೀವು ನೆನೆಸಲಿಲ್ವಾ?"

ನೆನೆಸುವುದು...

ಅವಳ ಕಿವಿಯೊಳಗೆ ಗುಂಯ್ ಎಂದಿತು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದವಳು, ಅದರಲ್ಲಿ ಐದು ವರ್ಷ ಸೂಪರ್‌ವೈಸರ್. ಹೊಲಿಗೆಯಲ್ಲಿ ಒಂದು ನೂಲು ಅತ್ತಿತ್ತಾದರೂ ದೂರದಿಂದಲೇ ಕಂಡುಹಿಡಿಯುತ್ತಿದ್ದಳು. ಆದರೆ ಅಲ್ಲಿ ಬಟ್ಟೆ ಅವಳ ಮೇಜಿಗೆ ಬರುವ ಹೊತ್ತಿಗೆ ಎಲ್ಲ ಮುಗಿಸಿಕೊಂಡೇ ಬರುತ್ತಿತ್ತು. ನೆನೆಸಿ ಕುಗ್ಗಿಸುವ ಕೆಲಸ ಬೇರೆ ಕಟ್ಟಡದ್ದು. ಆ ಕಟ್ಟಡದ ಬಾಗಿಲನ್ನೂ ಅವಳು ದಾಟಿರಲಿಲ್ಲ.

ಅವಳ ಕಣ್ಣು ತಾನಾಗಿಯೇ ಮೇಜಿನ ಕಡೆ ಹೋಯಿತು. ಸ್ಯಾಂಪಲ್ ವಾಪಸು ಬರುವ ಮೊದಲೇ, 'ನನ್ನ ಕೆಲಸಕ್ಕೆ ಯಾರು ತಪ್ಪು ಹುಡುಕ್ತಾರೆ' ಎಂಬ ಧೈರ್ಯದಲ್ಲಿ, ಆಸ್ಪತ್ರೆಯ ಹೊಸ ನರ್ಸುಗಳಿಗೆ ಬೇಕಿದ್ದ ಅರವತ್ತು ಕೋಟಿನ ಬಟ್ಟೆಯನ್ನೂ ಕತ್ತರಿಸಿ ಕಟ್ಟು ಕಟ್ಟಿಟ್ಟಿದ್ದಳು.

ಅವನೂ ಆ ಕಟ್ಟುಗಳನ್ನು ನೋಡಿದ.

"ಮೇಟ್ರನ್‌ಗೆ ಇನ್ನೂ ಹೇಳಿಲ್ಲ," ಎಂದ ಮೆಲ್ಲಗೆ.

ಆ ಮೆದುದನಿಯೇ ಅವಳನ್ನು ಚುಚ್ಚಿತು. "ಯಾಕೆ, ಕರುಣೆನಾ? ಹೋಗಿ ಹೇಳಿ! ಊರಿಗೆಲ್ಲ ಡಂಗುರ ಹೊಡೀರಿ!"

ಅವಳು ಕಳಚಿದ ಕೋಟನ್ನು ಅವನು ಇಸಿದುಕೊಂಡು ಮಡಿಸಿ, ಮೇಜಿನ ತುದಿಯಲ್ಲಿಟ್ಟು ಹೊರಟುಹೋದ.

ಕಾಜಾ ಅಕ್ಕ ನಿಟ್ಟುಸಿರು ಬಿಟ್ಟರು. "ಅಲ್ವೇ ಸೂಪರ್‌ವೈಸರಮ್ಮ, ಬೆಂಕಿ ಬಿದ್ದಿದೆ ಅಂತ ಹೇಳೋಕೆ ಬಂದವನಿಗೇ ಬೈದು ಕಳಿಸಿದೆಯಲ್ಲ!"

* * *

ಆ ಸಂಜೆ ಅಣ್ಣ ಫೋನ್ ಮಾಡಿದ.

"ನಿನ್ನ ಹಳೇ ಮ್ಯಾನೇಜರ್ ಸಿಕ್ಕಿದ್ರು ಕಣೇ. ಸೋಮವಾರದವರೆಗೆ ನಿನ್ನ ಜಾಗ ಖಾಲಿ ಇಡ್ತಾರಂತೆ. ಏನು ಹೇಳಲಿ?"

"ಶನಿವಾರ ಆಸ್ಪತ್ರೆಗೆ ಕೋಟು ಕೊಡ್ಬೇಕು. ಅದಾದ್ಮೇಲೆ ಹೇಳ್ತೀನಿ ಅಣ್ಣ."

"ಎಲ್ಲ ಸರಿಯಾಗಿದೆ ತಾನೇ?"

"ಹ್ಞೂಂ..."

ಫೋನ್ ಇಟ್ಟವಳು ಕತ್ತರಿಸಿಟ್ಟ ಕಟ್ಟುಗಳನ್ನು ಮತ್ತೊಮ್ಮೆ ಎಣಿಸಿದಳು. ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಇದು ಮೊದಲ ದೊಡ್ಡ ಆರ್ಡರ್. ಇದು ಕೈತಪ್ಪಿದರೆ ಈ ಕೋಣೆಗೆ ಬೀಗ. ಕಾಜಾ ಅಕ್ಕನೂ ಇವಳನ್ನು ನಂಬಿ ಅದೇ ಕಾರ್ಖಾನೆ ಬಿಟ್ಟು ಬಂದಿದ್ದರು. ಅವರ ಜಾಗವನ್ನು ಯಾರೂ ಖಾಲಿ ಇಟ್ಟಿರಲಿಲ್ಲ.

ಹೀಗೇ ಹೊಲಿದು ಕೊಟ್ಟುಬಿಟ್ಟರೆ? ಮೊದಲ ಒಗೆತದವರೆಗೂ ಯಾರಿಗೂ ತಿಳಿಯುವುದಿಲ್ಲ... ಛೆ! ಇದೆಂಥ ಯೋಚನೆ!

ಹೋಗಿ ಹೇಳಿಬಿಟ್ಟರೆ? 'ಇಷ್ಟೂ ತಿಳಿಯದವಳು ಯಾಕಮ್ಮ ಸ್ವಂತ ಕೆಲಸಕ್ಕೆ ಕೈ ಹಾಕಿದೆ' ಅಂದರೆ?

ಎಂಟು ವರ್ಷದಲ್ಲಿ 'ನನಗೆ ಗೊತ್ತಿಲ್ಲ' ಎಂದು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ಆ ಎರಡು ಮಾತು ಗಂಟಲಲ್ಲಿ ಮೂಳೆಯ ಹಾಗೆ ಸಿಕ್ಕಿಕೊಂಡವು.

* * *

ಬುಧವಾರ ಬೆಳಗ್ಗೆ ಮೇಟ್ರನ್ ಅವರ ಕರೆ.

"ಕೋಟಿನ ವಿಷಯ ಮಾತಾಡಬೇಕು. ಲಾಂಡ್ರಿಯವರು ಬಂದಿದ್ರು. ಒಂದ್ಸಲ ಬಂದು ಹೋಗಿ."

ಹೇಳಿಬಿಟ್ಟ! ಬಾಯಲ್ಲಿ ಬೆಣ್ಣೆಯಂಥ ಮಾತು, ಬೆನ್ನ ಹಿಂದೆ ಚಾಡಿ!

ಆಸ್ಪತ್ರೆಗೆ ಲಾಂಡ್ರಿಯ ಮುಂದೆಯೇ ದಾರಿ. ಅದರ ಚಿಮಣಿಯಿಂದ ಬಿಳಿ ಹಬೆ ಬುಸುಬುಸು ಏಳುತ್ತಿತ್ತು. ಅವನು ಅಂಗಳದಲ್ಲಿ ನಾಲ್ಕಾರು ಜನರೊಂದಿಗೆ ಹಾಸಿಗೆ ಬಟ್ಟೆ ಕೊಡವುತ್ತಿದ್ದ. ಅವಳ ಕಾಲು ತಾನಾಗಿಯೇ ಅತ್ತ ತಿರುಗಿತು.

"ಸಮಾಧಾನ ಆಯ್ತಾ ನಿಮಗೆ?"

ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು.

"ಒಂದು ದಿನ ತಾಳೋಕಾಗಲಿಲ್ವಾ? ನಾನೇ ಹೇಳ್ತಿದ್ದೆ! ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕೋದಂದ್ರೆ ಅಷ್ಟು ಖುಷಿನಾ?"

ಅವನ ಮುಖ ಕೆಂಪಾಯಿತು. ಒಮ್ಮೆ ಸುತ್ತ ನಿಂತವರನ್ನು ನೋಡಿದ.

"ಮೊದಲು ಒಳಗೆ ಹೋಗಿ ಮಾತಾಡಿ ಬನ್ನಿ," ಎಂದನಷ್ಟೇ. ಅವಳ ಕತ್ತಿನಿಂದ ಜಾರಿ ಬಿದ್ದಿದ್ದ ಅಳತೆ ಟೇಪನ್ನು ಎತ್ತಿ, ಮಣ್ಣು ಒರೆಸಿ, ಕೈಗೆ ಕೊಟ್ಟ.

* * *

ಮೇಟ್ರನ್ ಕನ್ನಡಕದ ಮೇಲಿನಿಂದ ನೋಡಿದರು. "ಕೂತ್ಕೊಳ್ಳಿ. ನಿಮ್ಮ ಕೋಟು ಶನಿವಾರ ಬೇಡ."

ಮುಗಿಯಿತು... ಅವಳು ಕುರ್ಚಿಯ ಅಂಚನ್ನು ಹಿಡಿದುಕೊಂಡಳು.

"ಲಾಂಡ್ರಿಯವರ ಬಾಯ್ಲರ್ ಕೆಟ್ಟಿದೆಯಂತೆ. ಹೊಸ ಬಟ್ಟೆ ಒಂದ್ಸಲ ಒಗೆದು ಕೊಡೋದು ನಮ್ಮ ಪದ್ಧತಿ. ಶನಿವಾರ ಆಗಲ್ಲ, ಸೋಮವಾರಕ್ಕೆ ತರಿಸಿ ಅಂತ ಕೇಳಿಕೊಂಡ್ರು."

"ಬಾಯ್ಲರ್... ಕೆಟ್ಟಿದೆಯಾ?"

"ಹಾಗಂದ್ರು. ಒಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ. ಈಗ ಬಾಯ್ಲರ್ ನಂಬೋ ಹಾಗಿಲ್ಲ ಅಂದ್ರೆ, ಬೇರೆಯವರನ್ನ ನೋಡಬೇಕಾಗುತ್ತೆ. ಆಸ್ಪತ್ರೆ ನೋಡಿ, ಕಾಯೋಕಾಗಲ್ಲ."

ಬುಸುಬುಸು ಏಳುತ್ತಿದ್ದ ಹಬೆ ಅವಳ ಕಣ್ಣೆದುರು ಬಂತು.

ಅವನು ಚಾಡಿ ಹೇಳಿರಲಿಲ್ಲ. ಅವಳಿಗೆ ಎರಡು ದಿನ ಸಿಗಲೆಂದು ತನ್ನ ಒಂಬತ್ತು ವರ್ಷದ ಹೆಸರನ್ನೇ ಒತ್ತೆಯಿಟ್ಟಿದ್ದ!

ಸುಮ್ಮನೆ 'ಆಗಲಿ ಮೇಡಂ' ಎಂದು ಎದ್ದರೆ ಸಾಕಿತ್ತು. ಎರಡು ದಿನ ತಾನಾಗಿಯೇ ಮಡಿಲಿಗೆ ಬೀಳುತ್ತಿತ್ತು. ಅವಳ ತಪ್ಪೂ ಮುಚ್ಚಿಹೋಗುತ್ತಿತ್ತು. ಆದರೆ ಅವನ ಕೆಲಸ?

ಅವಳು ಕುರ್ಚಿಯ ಅಂಚನ್ನು ಬಿಟ್ಟು ನೆಟ್ಟಗೆ ಕೂತಳು.

"ಮೇಡಂ... ಬಾಯ್ಲರ್ ಚೆನ್ನಾಗಿದೆ. ಕೆಟ್ಟಿರೋದು ನನ್ನ ಕೆಲಸ."

ಒಮ್ಮೆ ಬಾಯಿಬಿಟ್ಟ ಮೇಲೆ ಉಳಿದದ್ದೆಲ್ಲ ಹೊರಗೆ ಬಂತು. ನೆನೆಸದ ಬಟ್ಟೆ, ಕುಗ್ಗಿದ ತೋಳು, ಕತ್ತರಿಸಿಟ್ಟ ಅರವತ್ತು ಕಟ್ಟು.

"ನೆನೆಸಬೇಕು ಅಂತ ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದು. ಅವರನ್ನ ದಯವಿಟ್ಟು ಬಿಡಿಸಬೇಡಿ."

ಮೇಟ್ರನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ಪರದೆ ಸರಿಸಿದರು. ಕಿಟಕಿಯ ತುಂಬ ಲಾಂಡ್ರಿಯ ಚಿಮಣಿ!

"ಬೆಳಗ್ಗೆಯಿಂದ ಆ ಹಬೆ ನೋಡ್ತಾನೇ ಇದ್ದೀನಿ. ಆ ಮನುಷ್ಯನಿಗೆ ಸುಳ್ಳು ಹೇಳೋಕೂ ಬರಲ್ಲ, ಪಾಪ. ಯಾರಿಗೋಸ್ಕರ ಹೇಳಿದ್ರು ಅಂತ ತಿಳೀಬೇಕಿತ್ತು. ನೀವು ಏನಂತೀರಿ ಅಂತಲೂ ನೋಡಬೇಕಿತ್ತು."

ಅವಳಿಗೆ ಅಳು ಬರುವಂತಾಯಿತು.

"ಸೋಮವಾರ ಬೆಳಗ್ಗೆ ಏಳಕ್ಕೆ ಹೊಸ ನರ್ಸುಗಳು ಬರ್ತಾರೆ. ಅಷ್ಟರೊಳಗೆ ಅರವತ್ತು ಕೋಟು ಇಲ್ಲಿದ್ರೆ ತಗೋತೀನಿ. ಐವತ್ತೊಂಬತ್ತಾದ್ರೂ ಬೇಡ. ಹೊರಡಿ, ಅಳೋಕೆಲ್ಲ ಹೊತ್ತಿಲ್ಲ."

* * *

ಮತ್ತೆ ಅದೇ ಅಂಗಳ. ಅದೇ ನಾಲ್ಕಾರು ಜನ. ಎಲ್ಲರ ಮುಂದೆ ಬೈದಿದ್ದಳು. ಎಲ್ಲರ ಮುಂದೆಯೇ ಹೇಳಬೇಕಿತ್ತು.

"ತಪ್ಪಾಯ್ತು," ಎಂದಳು. "ನಾನಂದಿದ್ದೆಲ್ಲ ತಪ್ಪು."

"ಪರವಾಗಿಲ್ಲ ಬಿಡಿ. ಕೊಳೆ ತೊಳೆಯೋದೇ ನಮ್ಮ ಕೆಲಸ," ಎಂದ ಅವನು. ಕೊಡವುತ್ತಿದ್ದವರೆಲ್ಲ ನಕ್ಕರು.

"ಇನ್ನೊಂದು ಮಾತು..." ಅವಳು ಉಗುಳು ನುಂಗಿದಳು. "ಈಗ ಏನ್ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಕಲಿಸಿಕೊಡ್ತೀರಾ?"

ಗಂಟಲಿನ ಮೂಳೆ ಜಾರಿಹೋಗಿತ್ತು!

ಅವನು ಒಳಗಿನಿಂದ ಒಂದು ಬಟ್ಟೆ ಚೂರು ತಂದ. ಒಂದು ಗೇಣಿನ ಅಂತರದಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದು ಕುದಿನೀರಿಗೆ ಹಾಕಿದ. ತೆಗೆದು ಒಣಗಿಸಿ ಅಳೆದಾಗ ಗೆರೆಗಳು ಹತ್ತಿರವಾಗಿದ್ದವು.

"ಯಾವ ಹೊಸ ಬಟ್ಟೆ ಬಂದ್ರೂ ಮೊದಲು ಹೀಗೆ. ಬಟ್ಟೆ ಏನು ಹೇಳುತ್ತೆ ಅಂತ ಕೇಳಿ, ಆಮೇಲೆ ಕತ್ತರಿ."

"ನೀವು ಯಾವತ್ತೂ ತಪ್ಪೇ ಮಾಡಿಲ್ವಾ?"

ಅವನು ಕತ್ತು ಕೆರೆದುಕೊಂಡ. "ಶುರು ಮಾಡಿದ ಮೊದಲ ವಾರ ಬಿಳಿ ಬಟ್ಟೆ ಜೊತೆ ಒಂದು ಕೆಂಪು ಟವಲ್ ಹೋಯ್ತು. ಮೂರು ವಾರ್ಡು ಪೂರ್ತಿ ಗುಲಾಬಿ!"

"ಅಯ್ಯೋ! ಆಮೇಲೆ?"

"ಮೇಟ್ರನ್ ಹತ್ರ ಹೋಗಿ ಹೇಳಿದೆ. ರೋಗಿಗಳು ಗೆಲುವಾಗಿದ್ದಾರೆ, ಆದ್ರೂ ನಾಳೆ ಬಿಳೀದೇ ತನ್ನಿ ಅಂದ್ರು."

ಎರಡು ದಿನಗಳಲ್ಲಿ ಮೊದಲ ಸಲ ಅವಳು ನಕ್ಕಳು. ಕೈಯಲ್ಲಿದ್ದ ಬಟ್ಟೆ ಚೂರನ್ನು ನೋಡುತ್ತಿದ್ದವಳಿಗೆ ಥಟ್ಟನೆ ಏನೋ ಹೊಳೆಯಿತು.

"ಮೂರು ಅಳತೆಗೂ ಇಪ್ಪತ್ತಿಪ್ಪತ್ತು ಕತ್ತರಿಸಿದ್ದೀನಿ. ಲಾರ್ಜ್ ಕುಗ್ಗಿದ್ರೆ ಮೀಡಿಯಂ ಆಗುತ್ತೆ ಅಲ್ವಾ? ಮೀಡಿಯಂ ಕುಗ್ಗಿದ್ರೆ ಸ್ಮಾಲ್!"

ಅವನು ಅವಳನ್ನೇ ನೋಡಿದ. "ಹೊಲಿದ ಮೇಲೆ ಕುದಿಸಿದ್ರೆ..."

"ಅಂಚು ಬಿಚ್ಚಿ ಉದ್ದ ಸರಿ ಮಾಡ್ತೀನಿ. ಇಪ್ಪತ್ತು ಲಾರ್ಜ್‌ಗೆ ಮಾತ್ರ ಹೊಸ ಬಟ್ಟೆ ಸಾಕು. ಈಗಿರೋ ಸ್ಮಾಲ್ ತುಂಡುಗಳನ್ನ ಕುದಿಸಿ, ಅದರಲ್ಲೇ ಹೊಸ ಲಾರ್ಜ್‌ಗಳಿಗೆ ಕಿಸೆ, ಕಾಲರ್ ಮಾಡಿದ್ರಾಯ್ತು!"

"ಹೊಸ ಬಟ್ಟೆ ಇವತ್ತೇ ತನ್ನಿ. ಒಂದು ತೊಟ್ಟಿ ನಿಮಗೇ ಬಿಡ್ತೀನಿ."

* * *

ಮುಂದಿನ ನಾಲ್ಕು ದಿನ ಕಾಜಾ ಅಕ್ಕನ ಮಾತೂ ಕಡಿಮೆಯಾಯಿತೆಂದರೆ, ಉಳಿದದ್ದು ಹೇಳಬೇಕಾಗಿಲ್ಲ. ಹೊಲಿದದ್ದು ಲಾಂಡ್ರಿಗೆ, ಕುಗ್ಗಿದ್ದು ಮತ್ತೆ ಇಲ್ಲಿಗೆ. ಒಂದೊಂದು ಕೋಟು ತೊಟ್ಟಿಗಿಳಿದಾಗಲೂ ಅವಳು ಟೇಪು ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದಳು. ಈ ಸಲ ಐದು ಬೆರಳು ಕುಗ್ಗಿದರೆ? ಗುಂಡಿ ಒಡೆದರೆ?

ಶುಕ್ರವಾರ ಹೊಲಿಗೆಗಳೆಲ್ಲ ಸುಕ್ಕುಗಟ್ಟಿ ಬಂದವು. ಅವಳು ತಲೆಯ ಮೇಲೆ ಕೈಹೊತ್ತು ಕೂತಳು. ಅವನು ಒಂದನ್ನು ಹಬೆಯ ಇಸ್ತ್ರಿಗೆ ಕೊಟ್ಟು, ನಯವಾದ ಅಂಚನ್ನು ಅವಳ ಮುಂದೆ ಹಿಡಿದ.

"ಇಷ್ಟಕ್ಕೇ ಹೆದರಿದ್ರೆ ಹೇಗೆ?"

"ಹೆದರಿಕೆ ಹೋಗಲ್ವಾ ಯಾವತ್ತೂ?"

"ಒಂಬತ್ತು ವರ್ಷ ಆಯ್ತು. ನನಗಿನ್ನೂ ಹೋಗಿಲ್ಲ. ಅದನ್ನ ಜೊತೇಲಿ ಕೂರಿಸಿಕೊಂಡೇ ಕೆಲಸ ಮಾಡೋದು."

ಭಾನುವಾರ ಮಧ್ಯಾಹ್ನ ಕೋಟುಗಳ ಅಳತೆಯ ಲೇಬಲ್ ಬದಲಿಸುತ್ತಿದ್ದಾಗ ಆ ಹಳೆಯ ಸ್ಯಾಂಪಲ್ ಕೋಟು ಕೈಗೆ ಸಿಕ್ಕಿತು. ಅಂದು ಅವನು ಮಡಿಸಿಟ್ಟಂತೆಯೇ ಇತ್ತು. ಕುಗ್ಗಿದ ತೋಳುಗಳನ್ನು ಒಳಗೆ ಸೇರಿಸಿ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಮಡಿಸಿದ್ದ. ಬೈಸಿಕೊಳ್ಳುತ್ತಲೇ...

ಅವಳು ಆ ಮಡಿಕೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟಳು.

"ಲೇಬಲ್ ಅಂಟಿಸ್ತಿದ್ದೀಯೋ, ಕನಸು ಹೊಲೀತಿದ್ದೀಯೋ?" ಎಂದರು ಕಾಜಾ ಅಕ್ಕ.

"ಅಕ್ಕ... ಒಂದು ಶರ್ಟಿಗಾಗೋಷ್ಟು ನೀಲಿ ಬಟ್ಟೆ ಉಳಿದಿತ್ತಲ್ಲ, ಎಲ್ಲಿದೆ?"

ಕಾಜಾ ಅಕ್ಕ ಯಾರಿಗೆಂದು ಕೇಳಲಿಲ್ಲ. "ಮೇಲಿನ ಹಲಗೇಲಿದೆ. ಮೊದಲು ಬೇಯಿಸು," ಎಂದರು.

* * *

ಸೋಮವಾರ ಆರೂವರೆಗೇ ಅರವತ್ತು ಕೋಟು ಮೇಟ್ರನ್ ಮೇಜಿನ ಮೇಲಿದ್ದವು.

ಮೇಟ್ರನ್ ನಿಧಾನವಾಗಿ ಎಣಿಸಿದರು. ಏಳಕ್ಕೆ ಬಂದ ಹೊಸಬರಲ್ಲಿ ಎಲ್ಲರಿಗಿಂತ ಎತ್ತರದ ನರ್ಸನ್ನು ಕರೆದು ಒಂದು ಲಾರ್ಜ್ ತೊಡಿಸಿದರು.

"ಕೈ ಮೇಲೆತ್ತು. ಮುಂದೆ ಚಾಚು. ಬಗ್ಗು."

ಹೊಲಿದವಳ ಕಣ್ಣು ಆ ತೋಳಿನ ಮೇಲೆಯೇ ಇತ್ತು. ತೋಳಿನ ಅಂಚು ಮಣಿಕಟ್ಟಿನ ಮೇಲೆ ಸರಿಯಾಗಿ ಕೂತಿತ್ತು.

"ಕಿಸೆ ಆಳವಾಗಿದೆ," ಎಂದಳು ಆ ಹುಡುಗಿ ಖುಷಿಯಿಂದ. "ಥರ್ಮಾಮೀಟರ್ ಬೀಳಲ್ಲ!"

ಮೇಟ್ರನ್ ಕಾಗದಕ್ಕೆ ಸಹಿ ಹಾಕಿದರು. "ಮುಂದಿನ ತಿಂಗಳು ಆಪರೇಷನ್ ಥಿಯೇಟರಿನ ಬಟ್ಟೆ. ಈ ಸಲ ಮೊದಲೇ ಕುದಿಸಿ."

ಹೊರಗೆ ಬಂದವಳೇ ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣ, ಮ್ಯಾನೇಜರ್‌ಗೆ ಬರಲ್ಲ ಅಂತ ಹೇಳು."

"ಮೊನ್ನೇನೇ ಹೇಳಿಬಿಟ್ಟೆ ಕಣೇ," ಎಂದ ಅಣ್ಣ. "ನಿನ್ನ 'ಹ್ಞೂಂ' ಕೇಳಿದಾಗಲೇ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯ್ತು. ಎಡವಟ್ಟಾದಾಗ ನೀನು ಬಿಟ್ಟು ಬರೋಳಲ್ಲ."

ಕಣ್ಣೊರೆಸಿಕೊಂಡು ಲಾಂಡ್ರಿಗೆ ಹೋದಳು. ಅವನೊಬ್ಬನೇ ಬಾಯ್ಲರ್ ಹೊತ್ತಿಸುತ್ತಿದ್ದ. ಅವಳ ಮುಖ ನೋಡುತ್ತಲೇ ಎದ್ದು ನಿಂತ.

"ತಗೊಂಡ್ರಾ?"

"ಅರವತ್ತೂ!"

ಅವನು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡ. ಅವನೂ ಅಷ್ಟೇ ಹೆದರಿದ್ದನೆಂಬುದು ಅವಳಿಗೆ ಆಗ ತಿಳಿಯಿತು.

ಅವಳು ಚೀಲದಿಂದ ನೀಲಿ ಶರ್ಟ್ ತೆಗೆದು ಚಾಚಿದಳು. ಅವನು ಹಾಕಿಕೊಂಡ. ಹೆಗಲು, ತೋಳು, ಕತ್ತು... ಎಲ್ಲ ಹೇಳಿ ಮಾಡಿಸಿದ ಹಾಗೆ.

"ನನ್ನ ಅಳತೆ ಯಾವಾಗ ತಗೊಂಡ್ರಿ?"

"ಮೊದಲ ದಿನ. ನೀವು ಬಾಗಿಲಲ್ಲಿ ನಿಂತಿದ್ದಾಗ."

"ಆವತ್ತು ಬೈತಿದ್ರಲ್ಲ!"

"ಬಾಯಿ ಬೈತಿತ್ತು..." ಅವಳು ತಲೆ ತಗ್ಗಿಸಿದಳು. "ಕಣ್ಣು ಅದರ ಪಾಡಿಗೆ ಅದರ ಕೆಲಸ ಮಾಡ್ಕೊಂಡಿತ್ತು."

ಬಾಯ್ಲರಿನಲ್ಲಿ ನೀರು ಸಣ್ಣಗೆ ಸದ್ದು ಮಾಡತೊಡಗಿತು.

"ಸ್ಯಾಂಪಲ್ ವಾಪಸು ಕೊಡೋದು ನನ್ನ ಕೆಲಸ ಆಗಿರಲಿಲ್ಲ," ಎಂದ ಅವನು. "ಮೇಟ್ರನ್‌ಗೆ ಕೊಟ್ಟಿದ್ರೆ ಸಾಕಿತ್ತು. ಆ ಕಿಸೆ ಹೊಲಿದ ರೀತಿ ನೋಡಿ... ಇಷ್ಟು ಅಕ್ಕರೆಯಿಂದ ಹೊಲಿದವರು ಯಾರು ಅಂತ ನೋಡಬೇಕು ಅನಿಸ್ತು. ನೋಡಿದ ಮೇಲೆ, ದಿನಾ ನೋಡಬೇಕು ಅನಿಸ್ತಿದೆ."

ಅವಳು ಖಾಲಿ ಚೀಲವನ್ನು ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು.

"ಇದನ್ನ ಕುದಿಸಿದ್ದೀರಾ?" ಎಂದ ಅವನೇ ಶರ್ಟಿನ ತುದಿ ಹಿಡಿದು.

"ಎರಡು ಸಲ. ಇನ್ನು ಕುಗ್ಗಲ್ಲ."

"ನಾನೇ ದಪ್ಪಗಾದ್ರೆ?"

"ಅಂಚು ತಿರುಗಿಸಿ ನೋಡಿ. ಒಳಗೆ ಎರಡು ಇಂಚು ಬಿಟ್ಟಿದ್ದೀನಿ. ಬೇಕಾದಾಗ ಬಿಚ್ಚಿ ಹೊಲಿದುಕೊಡ್ತೀನಿ."

"ಎಷ್ಟು ವರ್ಷದವರೆಗೆ?"

ಅವಳು ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು.

"ಗೊತ್ತಿಲ್ಲ..." ಎಂದಳು, ಸ್ವಲ್ಪವೂ ಹೆದರದೆ. "ನೀವು ಎಷ್ಟು ವರ್ಷ ಜೊತೇಲಿರ್ತೀರೋ, ಅಷ್ಟು."